ಮಗಳಿಗೊಂದು ಪತ್ರ: ಆ ಕೆಂಪು ಸ್ಟೂಲ್

ಪ್ರೀತಿಯ ಪುಟ್ಟಿ,

ಶನಿವಾರ ರಾತ್ರಿ ಡೈನರ್‌ನಲ್ಲಿ, ಅದೇ ಆ ಅಮೆರಿಕನ್ ಶೈಲಿಯ ಹೋಟೆಲಿನಲ್ಲಿ, ನೀನೊಂದು ಪ್ರಶ್ನೆ ಕೇಳಿದೆ. ನಾನು ಉತ್ತರ ಕೊಡಲಿಲ್ಲ. "ಮೊದಲು ಶೇಕ್ ಕುಡಿ, ಕರಗ್ತಿದೆ" ಅಂದುಬಿಟ್ಟೆ. ನಾಲ್ಕು ದಿನದಿಂದ ಅದು ನನ್ನನ್ನು ಕೊರೆಯುತ್ತಿದೆ. ಅದಕ್ಕೇ ಈ ಪತ್ರ. ನಿಧಾನವಾಗಿ ಓದು. ಗೊತ್ತಾಗದ ಪದ ಸಿಕ್ಕರೆ ಅಮ್ಮನನ್ನು ಕೇಳು.

ಆ ಜಾಗ ನಿನಗೆ ಎಷ್ಟು ಇಷ್ಟವಾಯಿತು ಅಂತ ನೋಡಿದೆ. ಕಪ್ಪು ಬಿಳುಪು ಚೌಕಗಳ ನೆಲ, ಫಳಫಳ ಹೊಳೆಯುವ ಸ್ಟೀಲು, ಗುಲಾಬಿ ಬಣ್ಣದ ನಿಯಾನ್ ದೀಪ. ಕೌಂಟರ್ ಮುಂದಿನ ಕೆಂಪು ಸ್ಟೂಲ್ ಹತ್ತಿ ನೀನು ಮೂರು ಸುತ್ತು ತಿರುಗಿದೆ. ಹದಿಮೂರು ತುಂಬಿದವಳು ಆ ಮೂರು ಸುತ್ತಿನಲ್ಲಿ ಮತ್ತೆ ಐದು ವರ್ಷದ ಮಗುವಾದೆ. ಸ್ಟ್ರಾಬೆರಿ ಶೇಕ್ ಎತ್ತರದ ಗಾಜಿನ ಗ್ಲಾಸಿನಲ್ಲಿ ಬಂತು. ಅದನ್ನು ಕಡೆದ ಸ್ಟೀಲ್ ಲೋಟವೂ ಜೊತೆಗೇ ಬಂತು, ತಳದಲ್ಲಿ ಇನ್ನೊಂದಿಷ್ಟು ಶೇಕ್ ಉಳಿಸಿಕೊಂಡು. ಲೋಟದ ಹೊರಗೆಲ್ಲ ತಣ್ಣನೆಯ ಬೆವರು. ಅದರ ಮೇಲೆ ಬೆರಳಲ್ಲಿ ನಿನ್ನ ಹೆಸರು ಬರೆದೆ, ಕನ್ನಡದಲ್ಲಿ. ಆಮೇಲೆ ಗೋಡೆಯ ಫೋಟೋಗಳ ಕಡೆ ತಿರುಗಿದೆ. ಎಲ್ಲ 1950ರ ದಶಕದವು. ಕೂತವರು, ನಗುತ್ತಿರುವವರು, ಕಾಫಿ ಸುರಿಯುತ್ತಿರುವವರು ಎಲ್ಲರೂ ಬಿಳಿಯರೇ. ಸ್ಟೂಲ್ ತಿರುಗುವುದು ನಿಂತಿತು.

"ಅಪ್ಪ, ಆಗ ನಾವು ಬಂದಿದ್ರೆ ಇಲ್ಲಿ ಕೂರೋಕೆ ಬಿಡ್ತಿದ್ರಾ?"

ಮೊದಲನೆಯದಾಗಿ, ಆಗ ನಾವು ಅಮೆರಿಕಕ್ಕೆ ಬರುವುದೇ ಕಷ್ಟವಿತ್ತು. 1946ರ ಕಾನೂನಿನಂತೆ ಭಾರತದಿಂದ ಇಲ್ಲಿ ಬಂದು ನೆಲೆಸಲು ವರ್ಷಕ್ಕೆ ಬರೀ 100 ಜನರ ಕೋಟಾ. ಇಡೀ ಭಾರತಕ್ಕೆ ನೂರು! ಆ ಬಾಗಿಲು ಸರಿಯಾಗಿ ತೆರೆದದ್ದು 1965ರ ಕಾನೂನು ಬಂದ ಮೇಲೆ. ಇನ್ನು ಕೂರಲು ಬಿಡುತ್ತಿದ್ದರಾ ಅನ್ನುವುದು ಯಾವ ರಾಜ್ಯ, ಯಾವ ಊರು ಅನ್ನುವುದರ ಮೇಲೆ ಇತ್ತು. ನಮ್ಮ ನ್ಯೂ ಜೆರ್ಸಿಯಲ್ಲಿ ಹೋಟೆಲಿನಂಥ ಕಡೆ ಬಣ್ಣ ನೋಡಿ ಭೇದ ಮಾಡಬಾರದು ಅಂತ 1949ರಲ್ಲೇ ಕಾನೂನು ಬಂದಿತ್ತು. ಅಮೆರಿಕದ ದಕ್ಷಿಣದ ರಾಜ್ಯಗಳ ಕಥೆ ಬೇರೆ. 1955ರಲ್ಲಿ ಅಮೆರಿಕದಲ್ಲಿ ಭಾರತದ ರಾಯಭಾರಿಯಾಗಿದ್ದವರು ಜಿ.ಎಲ್. ಮೆಹ್ತಾ. ಟೆಕ್ಸಸ್‌ನ ಹ್ಯೂಸ್ಟನ್ ವಿಮಾನ ನಿಲ್ದಾಣದ ರೆಸ್ಟೋರೆಂಟ್‌ನಲ್ಲಿ ಅವರು ಊಟಕ್ಕೆ ಕೂತರು. ಇಲ್ಲಿ ಬೇಡ, ಬೇರೆ ಕೋಣೆಗೆ ಹೋಗಿ ಅಂತ ಅವರಿಗೆ ಹೇಳಿದರು. ಆಮೇಲೆ ಅಮೆರಿಕದ ವಿದೇಶಾಂಗ ಸಚಿವ ಡಲ್ಲೆಸ್ ಕ್ಷಮೆ ಕೇಳಿದರು. ಅವರು ರಾಯಭಾರಿ, ಅದಕ್ಕೆ ಕ್ಷಮೆ ಸಿಕ್ಕಿತು. ಇಲ್ಲೇ ಹುಟ್ಟಿ ಬೆಳೆದ ಕಪ್ಪು ಜನರಿಗೆ ಅದೂ ಸಿಗುತ್ತಿರಲಿಲ್ಲ.

ಅವರಲ್ಲಿ ನಾಲ್ಕು ಹುಡುಗರ ವಿಷಯ ನಿನಗೆ ಹೇಳಲೇಬೇಕು. 1960ರ ಫೆಬ್ರವರಿ 1. ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೊ ಊರು. ನಾಲ್ವರೂ ಕಾಲೇಜಿನ ಮೊದಲ ವರ್ಷದವರು, ನಿನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು ಅಷ್ಟೇ. ವೂಲ್‌ವರ್ತ್ ಅಂಗಡಿಯಲ್ಲಿ ಟೂತ್‌ಪೇಸ್ಟ್‌ನಂಥ ಸಣ್ಣಪುಟ್ಟ ಸಾಮಾನು ಕೊಂಡರು. ಅವರ ದುಡ್ಡು ಅಂಗಡಿಗೆ ಬೇಕಿತ್ತು. ಆಮೇಲೆ ಅದೇ ಅಂಗಡಿಯ ಊಟದ ಕೌಂಟರ್‌ಗೆ ಹೋಗಿ ಕೂತು ಕಾಫಿ ಕೇಳಿದರು. ಕೊಡಲಿಲ್ಲ, ಆ ಕೌಂಟರ್ ಬಿಳಿಯರಿಗೆ ಮಾತ್ರ. ಅವರು ಏಳಲಿಲ್ಲ. ಕೂಗಾಡಲೂ ಇಲ್ಲ. ಅಂಗಡಿ ಮುಚ್ಚುವವರೆಗೂ ಕೂತೇ ಇದ್ದರು. ಮರುದಿನ ಇನ್ನಷ್ಟು ಹುಡುಗರು, ಹುಡುಗಿಯರು ಬಂದರು. ಅದರ ಮರುದಿನ ಇನ್ನೂ ಜಾಸ್ತಿ. ಬೇರೆ ಊರುಗಳಿಗೂ ಹಬ್ಬಿತು. ಜುಲೈ 25ರಂದು ಆ ಕೌಂಟರ್ ಎಲ್ಲರಿಗೂ ತೆರೆಯಿತು. ಅಲ್ಲಿ ಮೊದಲು ಕೂತು ಊಟ ಮಾಡಿದ ಕಪ್ಪು ಜನ ಯಾರು ಗೊತ್ತಾ? ಅದೇ ಅಂಗಡಿಯ ಕೆಲಸಗಾರರು. ಅಷ್ಟು ವರ್ಷ ಅಲ್ಲೇ ದುಡಿದವರು ಅಂದು ಮೊದಲ ಸಲ ಕೌಂಟರಿನ ಈಚೆ ಬಂದು ಕೂತರು.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಅವತ್ತು ಯಾಕೆ ಸುಮ್ಮನಾದೆ? ನಿನ್ನ ಪ್ರಶ್ನೆಗೆ ನನಗೆ ಗ್ರೀನ್ಸ್‌ಬರೊ ನೆನಪಾಗಲಿಲ್ಲ ಪುಟ್ಟಿ, ನಮ್ಮೂರು ನೆನಪಾಯಿತು.

ನಿನ್ನ ಅಜ್ಜ ಹಾಸನದ ಹತ್ತಿರ ಒಂದು ಸಣ್ಣ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದರು. ಸ್ಕೂಲು ಬಿಟ್ಟ ಮೇಲೆ ನಾನು ಅಲ್ಲಿಗೇ ಹೋಗುತ್ತಿದ್ದೆ. ಒಂದು ಕೈಯಲ್ಲಿ ಆರು ಲೋಟ ಹಿಡಿದು ಬರುವ ಅಪ್ಪ ನನ್ನ ಕಣ್ಣಿಗೆ ದೊಡ್ಡ ಹೀರೋ. ಹೋಟೆಲಿನ ಹೊರಗೆ, ಕಿಟಕಿಯ ಕಟ್ಟೆ ಮೇಲೆ, ನಾಲ್ಕು ಲೋಟ ಬೋರಲು ಹಾಕಿರುತ್ತಿದ್ದರು. ಸೊಟ್ಟಗಾಗಿದ್ದ ಹಳೇ ಅಲ್ಯೂಮಿನಿಯಂ ಲೋಟ. ಕೆಲವರು ಬಂದು ಅದನ್ನು ತಾವೇ ತೊಳೆದುಕೊಂಡು ಹೊರಗೇ ನಿಲ್ಲುತ್ತಿದ್ದರು. ಅಪ್ಪ ಲೋಟಕ್ಕೆ ಕೈ ತಾಗದ ಹಾಗೆ ಮೇಲಿನಿಂದ ಟೀ ಸುರಿಯುತ್ತಿದ್ದರು. ನನಗೆ ಎಂಟು ವರ್ಷ ಇರಬೇಕು. "ಅವರು ಯಾಕೆ ಒಳಗೆ ಬರಲ್ಲ?" ಅಂತ ಕೇಳಿದೆ. ಅಪ್ಪ ಒಳಗಿನ ಮಾಲೀಕರ ಕಡೆ ಒಂದು ಸಲ ನೋಡಿದರು. "ಸುಮ್ನೆ ಟೀ ಕುಡಿ" ಅಂದರು.

ಅದು 1985ರ ಸುಮಾರು. ಅಸ್ಪೃಶ್ಯತೆ ಆಚರಿಸಿದವರಿಗೆ ಶಿಕ್ಷೆ ಕೊಡುವ ಕಾನೂನು ನಮ್ಮ ದೇಶಕ್ಕೆ 1955ರಲ್ಲೇ ಬಂದಿತ್ತು. ಮೂವತ್ತು ವರ್ಷವಾದರೂ ಆ ಲೋಟಗಳು ಕಟ್ಟೆ ಮೇಲೇ ಇದ್ದವು. ಹಾಗಾಗಿ ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟರೆ ಸುಳ್ಳು ಹೇಳಿದ ಹಾಗಾಗುತ್ತದೆ. ಅಮೆರಿಕದಲ್ಲಿ ನಮ್ಮನ್ನು ಹೊರಗೆ ನಿಲ್ಲಿಸಬಹುದಿತ್ತು, ನಿಜ. ನಮ್ಮೂರಲ್ಲಿ ನಾವು ಒಳಗೆ ಕೂತವರು. ಇನ್ಯಾರೋ ಹೊರಗೆ ನಿಂತಿದ್ದರು. ಎರಡೂ ನಿನಗೆ ಗೊತ್ತಿರಬೇಕು.

ಇಷ್ಟು ಓದಿ ಡೈನರ್ ಮೇಲೆ ನಿನಗೆ ಬೇಜಾರು ಬರುವುದು ಬೇಡ. ನನಗೆ ಡೈನರ್ ಅಂದರೆ ತುಂಬಾ ಇಷ್ಟ. ಅದು ಶುರುವಾದದ್ದೇ ಕುದುರೆ ಗಾಡಿಯಲ್ಲಿ. 1872ರಲ್ಲಿ ರೋಡ್ ಐಲೆಂಡ್‌ನ ಪ್ರಾವಿಡೆನ್ಸ್‌ನಲ್ಲಿ ವಾಲ್ಟರ್ ಸ್ಕಾಟ್ ಎಂಬುವರು ಪತ್ರಿಕಾ ಕಚೇರಿಯ ಹೊರಗೆ ಗಾಡಿ ನಿಲ್ಲಿಸಿ ರಾತ್ರಿ ಪಾಳಿಯವರಿಗೆ ಸ್ಯಾಂಡ್‌ವಿಚ್, ಕಾಫಿ ಮಾರುತ್ತಿದ್ದರು. ಆ ಹೊತ್ತಿಗೆ ಬೇರೆಲ್ಲ ಹೋಟೆಲು ಮುಚ್ಚಿರುತ್ತಿದ್ದವು. ಮುಂದೆ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್‌ನಲ್ಲಿ, ನಮ್ಮ ನ್ಯೂ ಜೆರ್ಸಿಯಲ್ಲಿ ಫ್ಯಾಕ್ಟರಿಗಳೇ ಬಂದವು. ಅಲ್ಲಿ ಡೈನರನ್ನು ಪೂರ್ತಿ ಕಟ್ಟಿ, ರೈಲಿನಲ್ಲೋ ಲಾರಿಯಲ್ಲೋ ಸಾಗಿಸಿ, ಬೇಕಾದ ಊರಲ್ಲಿ ಇಳಿಸುತ್ತಿದ್ದರು. ಹಾಗೆ ಸಾಗಿಸಬೇಕಿದ್ದರಿಂದಲೇ ಅವು ರೈಲು ಬೋಗಿಯ ಹಾಗೆ ಉದ್ದ, ಕಿರಿದು. ನಾವು ಹೋದದ್ದು ಹಳೇದರ ಹಾಗೆ ಕಾಣಲಿ ಅಂತ ಈಚೆಗೆ ಕಟ್ಟಿದ್ದು. ಚೆನ್ನಾಗಿದೆ, ಆದರೆ ಅದು ಅಲಂಕಾರ.

ನನ್ನ ಡೈನರ್ ಬೇರೆ. 1999ರಲ್ಲಿ ಬಂದ ಹೊಸತು, ವೈಟುಕೆ ಕೆಲಸ (2000ನೇ ಇಸವಿ ಬಂದಾಗ ಕಂಪ್ಯೂಟರುಗಳು ತಾರೀಖು ತಪ್ಪದಂತೆ ಸರಿಮಾಡುವುದು), ರಾತ್ರಿ ಪಾಳಿ. ಬೆಳಗಿನ ಜಾವ ಎರಡು ಗಂಟೆಗೆ ತೆರೆದಿದ್ದ ಒಂದೇ ಬಾಗಿಲು ಅದು. ಒಂದು ಪಕ್ಕ ಟ್ರಕ್ ಡ್ರೈವರ್, ಇನ್ನೊಂದು ಪಕ್ಕ ಪಾಳಿ ಮುಗಿಸಿದ ನರ್ಸ್, ನಡುವೆ ನಾನು. ಕಪ್ ಖಾಲಿಯಾಗುವ ಮೊದಲೇ ಮತ್ತೆ ಕಾಫಿ ತುಂಬಿಸುತ್ತಿದ್ದರು, ಅದಕ್ಕೆ ಬೇರೆ ದುಡ್ಡಿಲ್ಲ. ಯಾರೂ ಎದ್ದು ಹೋಗು ಅನ್ನಲಿಲ್ಲ. ಆ ಸ್ಟೂಲಿನ ಮೇಲೆ ನಾನು ಅಷ್ಟು ನಿರಾಳವಾಗಿ ಕೂತಿದ್ದೆನಲ್ಲ, ಅದು ಆ ನಾಲ್ಕು ಹುಡುಗರಂಥವರು ದುಡಿದು ಇಟ್ಟುಹೋದದ್ದು.

ಇನ್ನೊಂದು ವಿಷಯ. ಟಿಪ್ ಅಷ್ಟೊಂದು ಯಾಕೆ ಅಂತ ಕಾರಿನಲ್ಲಿ ಕೇಳಿದೆಯಲ್ಲ. ನಮಗೆ ತಂದುಕೊಟ್ಟ ಆ ಹೆಂಗಸಿಗೆ ಅರವತ್ತರ ಮೇಲಾಗಿರಬೇಕು. ಒಂದೇ ತೋಳಿನ ಮೇಲೆ ನಾಲ್ಕು ತಟ್ಟೆ ಸಾಲಾಗಿ ಇಟ್ಟುಕೊಂಡು ಬಂದರು. ಮಣಿಕಟ್ಟಿಗೆ ಬಿಗಿಯಾಗಿ ಪಟ್ಟಿ ಕಟ್ಟಿಕೊಂಡಿದ್ದರು. ಟಿಪ್ ಪಡೆಯುವವರಿಗೆ ಮಾಲೀಕರು ಕೈಯಿಂದ ಕೊಡಲೇಬೇಕಾದ ಕೂಲಿ, ಕೇಂದ್ರದ ಕಾನೂನಿನಂತೆ, ಗಂಟೆಗೆ 2.13 ಡಾಲರ್. 1991ರಿಂದ ಅದು ಏರಿಲ್ಲ. ನಮ್ಮ ರಾಜ್ಯದಲ್ಲಿ ಇದಕ್ಕಿಂತ ಜಾಸ್ತಿ, ಆದರೂ ಮನೆ ನಡೆಯುವುದು ಟಿಪ್‌ನಿಂದಲೇ. ಆ ಪಟ್ಟಿ ನೋಡಿದಾಗ ನನಗೆ ಆರು ಲೋಟ ಹಿಡಿದ ನಿನ್ನ ಅಜ್ಜನ ಕೈ ಕಂಡಿತು.

ಗ್ರೀನ್ಸ್‌ಬರೊ ಕೌಂಟರಿನ ಒಂದು ಭಾಗ, ಅದರ ಸ್ಟೂಲುಗಳ ಸಮೇತ, ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಬೇಸಿಗೆ ರಜೆಯಲ್ಲಿ ಹೋಗೋಣ. ದಾರಿಯಲ್ಲಿ ಒಳ್ಳೇ ಹಳೇ ಡೈನರ್ ಸಿಕ್ಕರೆ ನಿಲ್ಲಿಸೋಣ. ನೀನು ಶೇಕ್ ಕುಡಿ, ಪ್ರಶ್ನೆಯೂ ಕೇಳು. ಸ್ಟೀಲ್ ಲೋಟದಲ್ಲಿ ಉಳಿದದ್ದು ಈ ಸಲ ನನಗೆ.

ನಿನ್ನ,
ಅಪ್ಪ