ಅಮ್ಮನ ಚಿತ್ರ ಗೋಡೆ ಮೇಲೆ

ಕಳೆದ ಶನಿವಾರ ಅಮ್ಮ ಮಾಡಿದ ಚಿತ್ರವನ್ನು ಗ್ಯಾಲರಿಯ ಗೋಡೆಗೆ ಹಾಕಿದ್ದರು. ನಾನು ಹಾಕಿದ ಫೋಟೋ ನೋಡಿ ನೀವೆಲ್ಲ ಖುಷಿಪಟ್ಟಿರಿ. ಅಮ್ಮನಿಗೆ ಮರೆವಿನ ಕಾಯಿಲೆ; ಆ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ, ಮತ್ತೆ ಹೇಳಲ್ಲ.

ಒಂದು ವರ್ಷ ಹಿರಿಯರ ಕಲಾ ತರಗತಿ ನಡೆಸಿದವರಿಗೆ, ಕಾರಲ್ಲಿ ಕರೆದುಕೊಂಡು ಹೋದ ಗೆಳತಿಗೆ, ಮಡಚುವ ಕುರ್ಚಿ ಹಿಡಿದು ನಮ್ಮ ಹಿಂದೆಯೇ ಬರುತ್ತಿದ್ದ ಸೆಕ್ಯುರಿಟಿಯವರಿಗೆ ಥ್ಯಾಂಕ್ಸ್.

ಆ ತರಗತಿಯಲ್ಲಿ ಯಾರೂ ಅಮ್ಮನನ್ನು ‘ನೆನಪಿದೆಯಾ?’ ಅಂತ ಕೇಳಲಿಲ್ಲ. ಮನೆಯಲ್ಲಿ ನಾನು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದೆ. ಅಲ್ಲಿ ಚಿತ್ರದ ಮುಂದೆ ಕೂರಿಸಿ ಮೂರೇ ಪ್ರಶ್ನೆ: ಇಲ್ಲಿ ಏನು ನಡೀತಿದೆ? ಏನು ನೋಡಿ ಹಾಗಂದ್ರಿ? ಇನ್ನೇನು ಕಾಣುತ್ತೆ? ಕಲಾವಿದರ ಹೆಸರು, ಇಸವಿ ಯಾವುದೂ ಬೇಡ. ನ್ಯೂಯಾರ್ಕಿನ ಮೋಮಾ ಮ್ಯೂಸಿಯಂ 2006ರಲ್ಲೇ ಮರೆವಿನವರನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಒಟ್ಟಿಗೆ ಕೂರಿಸಿ ಚಿತ್ರ ತೋರಿಸೋಕೆ ಶುರು ಮಾಡಿತ್ತು. ಅಮ್ಮನಿಗೆ ಬ್ರಷ್ ಹಿಡಿದರೆ ಕೈ ನಡುಗುತ್ತಿತ್ತು, ಕತ್ತರಿ ಕೊಟ್ಟರು. 1941ರಲ್ಲಿ ದೊಡ್ಡ ಆಪರೇಷನ್ ಆದ ಮೇಲೆ ಫ್ರಾನ್ಸಿನ ದೊಡ್ಡ ಕಲಾವಿದ ಮತೀಸ್ ಕೂಡ ಗಾಲಿಕುರ್ಚಿಯಲ್ಲಿ ಕೂತು, ಬಣ್ಣ ಬಳಿದ ಕಾಗದ ಕತ್ತರಿಸಿ ಚಿತ್ರ ಮಾಡಿದ್ದಂತೆ. ‘ಪಾಪ, ಅವರನ್ನೂ ಮಗಳು ಎಳ್ಕೊಂಡು ಬಂದಿದ್ಲಾ?’ ಅಂದಳು ಅಮ್ಮ.

ಇನ್ನು ಅಲ್ಲಿ ಸಹಾಯಕ್ಕೆ ಬರುತ್ತಿದ್ದ ಆ ಹುಡುಗಿ. ಹೆಸರು ಹಾಕಬೇಡಿ ಅಂದಿದ್ದಾಳೆ.

ಪ್ರದರ್ಶನಕ್ಕೆ ಮೂರು ದಿನ ಇತ್ತು. ರಾತ್ರಿ ಅಮ್ಮ ಚಿತ್ರ ಹರಿದುಹಾಕಿದಳು. ‘ಯಾರು ನೀನು, ನನ್ನ ಮನೇಲಿ ಯಾಕಿದ್ದೀಯ?’ ಅಂತ ನನ್ನನ್ನು ಬಾಗಿಲ ಕಡೆ ತಳ್ಳಿದಳು. ಇದೆಲ್ಲ ಒಂದ್ಸಲ ಮುಗಿದುಹೋಗಲಿ ಅಂದುಕೊಂಡೆ. ಬರೆಯಬಾರದೇನೋ, ಆದರೂ ಬರೀತಿದ್ದೀನಿ. ಹನ್ನೊಂದು ಗಂಟೆಗೆ ಆ ಹುಡುಗಿಗೆ ಫೋನ್ ಮಾಡಿದೆ. ಅವಳಿಗೇ ಯಾಕೆ ಅಂತ ಈಗಲೂ ಗೊತ್ತಿಲ್ಲ.

ಬಂದಳು. ಸಮಾಧಾನದ ಮಾತೇನೂ ಆಡಲಿಲ್ಲ. ಚೂರುಗಳ ನಡುವೆ ನೆಲದ ಮೇಲೆ ಕೂತು, ‘ಅಜ್ಜಿ, ಇಲ್ಲಿ ಏನು ನಡೀತಿದೆ?’ ಅಂದಳು.

ಅಮ್ಮ ತುಂಬಾ ಹೊತ್ತು ನೋಡಿದಳು. ‘ಯಾರೋ ಅಳ್ತಿದಾಳೆ.’

‘ಏನು ನೋಡಿ ಹಾಗಂದ್ರಿ?’

ಅಮ್ಮ ಬಾಗಿಲ ಹತ್ತಿರ ನಿಂತಿದ್ದ ನನ್ನ ಕಡೆ ಬೆರಳು ತೋರಿಸಿದಳು.

ನಾನು ಯಾವಾಗ ನಿದ್ದೆಹೋದೆನೋ ಗೊತ್ತಿಲ್ಲ. ಐದು ಗಂಟೆಗೆ ಎದ್ದು ನೋಡಿದರೆ ಇಬ್ಬರೂ ಗೋಡೆಗೆ ಒರಗಿ ಮಲಗಿದ್ದರು. ಹುಡುಗಿಯ ಬೆರಳಲ್ಲೆಲ್ಲ ಒಣಗಿದ ಗೋಂದು. ಚೂರುಗಳೆಲ್ಲ ಹೊಸ ಹಾಳೆಗೆ ಅಂಟಿದ್ದವು, ನೀಲಿ ಹಕ್ಕಿ ಮಾತ್ರ ತಲೆಕೆಳಗು. ಹಾಗೇ ಕಳಿಸಿದೆವು.

ಶನಿವಾರ ಅಮ್ಮ ಅದರ ಮುಂದೆ ನಿಂತು, ‘ಯಾರು ಮಾಡಿದ್ದು? ಹಕ್ಕಿ ತಲೆಕೆಳಗಾಗಿದೆಯಲ್ಲ’ ಅಂದಳು.

‘ಇನ್ನೇನು ಕಾಣುತ್ತಮ್ಮ?’ ಅಂದೆ.

‘ಕಾಲು ನೋಯ್ತಿದೆ. ಆ ಕುರ್ಚಿಯವನು ಎಲ್ಲಿ?’