ಮಳೆಗೆ ಮೊದಲು ಟಯರ್ ಬದಲಿಸುವವರಿಗೆ

ಎಲ್ಲರಿಗೂ ನಮಸ್ಕಾರ. ಅಂಗಡಿಯಲ್ಲಿ ‘ಎಷ್ಟು ಕಿಲೋಮೀಟರ್ ಬರುತ್ತದೆ’ ಅಂತ ಮಾತ್ರ ಕೇಳಬೇಡಿ. ಒದ್ದೆ ರಸ್ತೆಯಲ್ಲಿ ಹಿಡಿತ ಹೇಗೆ ಅಂತಲೂ ಕೇಳಿ. ಸಾಮಾನ್ಯವಾಗಿ ಮೆದು ರಬ್ಬರ್ ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯದ್ದು ಜಾಸ್ತಿ ಬಾಳುತ್ತದೆ, ಮಳೆಯಲ್ಲಿ ಜಾರುವ ಭಯವೂ ಜಾಸ್ತಿ. ಮಂಗಳೂರಿನ ಮಳೆ ಗೊತ್ತಲ್ವಾ? ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಓಡಾಡುವವರು ದಯವಿಟ್ಟು ಹಿಡಿತವನ್ನೇ ಮೊದಲು ನೋಡಿ. ಟಯರ್ ಸ್ವಲ್ಪ ಬೇಗ ಸವೆದರೆ ಹಣ ಹೋಗುತ್ತದೆ, ಅಷ್ಟೇ.

ಕೆಲವು ಟಯರ್‌ಗಳ ಬದಿಯಲ್ಲಿ ‘ಟ್ರೆಡ್‌ವೇರ್’ ಸಂಖ್ಯೆ ಇರುತ್ತದೆ. ದೊಡ್ಡದಿದ್ದಷ್ಟೂ ಬಾಳಿಕೆ ಹೆಚ್ಚು. ಪಕ್ಕದ ‘ಟ್ರಾಕ್ಷನ್’ ಒದ್ದೆಯಲ್ಲಿ ಬ್ರೇಕ್ ಹಿಡಿತದ ಗುರುತು: ಎಎ ಎಲ್ಲಕ್ಕಿಂತ ಒಳ್ಳೆಯದು, ಆಮೇಲೆ ಎ. ಯಾವಾಗ ತಯಾರಾದದ್ದು ಅಂತಲೂ ನೋಡಿ, ಬದಿಯಲ್ಲಿ ನಾಲ್ಕು ಅಂಕಿಯಲ್ಲಿರುತ್ತದೆ: 2325 ಅಂದರೆ 2025ರ 23ನೇ ವಾರ.

ಕಾರಿಗೆ ನಾಲ್ಕರ ಬದಲು ಎರಡೇ ಹೊಸ ಟಯರ್ ಹಾಕಿಸುವುದಾದರೆ ಹಿಂದಿನ ಚಕ್ರಗಳಿಗೆ ಹಾಕಿಸಿ.