ಅಡ್ವಾನ್ಸ್ ಕೈಗೆ ಬಂದಾಗ

ಪ್ರೀತಿಯ ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಭಾವಚಿತ್ರಗಳ ಆರ್ಡರ್ ಒಂದರ ಮೇಲೊಂದು ಬರುತ್ತಿವೆ, ಎಲ್ಲದಕ್ಕೂ ಅಡ್ವಾನ್ಸ್ ತಗೊಂಡಿದ್ದೀಯ ಎಂದು ನಿಮ್ಮಮ್ಮ ಹೇಳಿದಳು. ಕೇಳಿ ಹೆಮ್ಮೆಯಾಯಿತು, ಭಯವೂ ಆಯಿತು. ಭಾವಚಿತ್ರಗಳಿಗೆ ಹೆಸರಾದ ಹಳೆಯ ಕಲಾವಿದ ಥಾಮಸ್ ಲಾರೆನ್ಸ್ ನೆನಪಾದ.

1769ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದವನು. ಅಪ್ಪನ ಹೋಟೆಲು ವ್ಯಾಪಾರ ದಿವಾಳಿಯಾದಾಗ, ಇನ್ನೂ ಹುಡುಗನಾಗಿದ್ದ ಇವನು ಬಾತ್ ಊರಿನಲ್ಲಿ ಪೇಸ್ಟಲ್ ಚಿತ್ರ ಬರೆದು ಮನೆ ಸಾಗಿಸಿದ. ಇಪ್ಪತ್ತರ ವಯಸ್ಸಿಗೇ ರಾಣಿ ಷಾರ್ಲೆಟ್‌ಳ ಚಿತ್ರ ಬರೆದ. ಅರಮನೆಯವರು ಅದನ್ನು ಕೊಳ್ಳಲಿಲ್ಲ, ಸಾಯುವವರೆಗೂ ಅದು ಅವನ ಬಳಿಯೇ ಇತ್ತು. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಮುಂದೆ ಅವನಿಗೆ ರಾಜನ ಚಿತ್ರಕಾರನ ಹುದ್ದೆ, 'ಸರ್' ಪದವಿ, 1820ರಲ್ಲಿ ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿಯ ಅಧ್ಯಕ್ಷತೆ ಎಲ್ಲ ಒಲಿದವು. ಪೋಪನೂ ಚಿತ್ರ ಬರೆಸಿಕೊಳ್ಳಲು ಅವನೆದುರು ಕೂತಿದ್ದ.

ಇಷ್ಟಾದರೂ ಸಾಲ ಅವನನ್ನು ಬಿಡಲಿಲ್ಲ. ಜೂಜು, ಕುಡಿತ ಇದ್ದವನಲ್ಲ. ಹೆತ್ತವರ ಭಾರ ಹೊತ್ತ, ರಫಾಯಲ್, ಮೈಕೆಲೆಂಜೆಲೊ ಗೀಚಿದ ರೇಖಾಚಿತ್ರ ಕಂಡರೆ ಬೆಲೆ ನೋಡದೆ ಕೊಂಡ. ಅರ್ಧ ಹಣ ಮುಂಗಡ ತಗೊಳ್ಳುವುದು ಅವನ ಪದ್ಧತಿ. ಮೊದಲ ದಿನ ಕ್ಯಾನ್ವಾಸಿನ ಮೇಲೆ ಚಾಕಿನಿಂದ ಮುಖವನ್ನು ಅಚ್ಚುಕಟ್ಟಾಗಿ ಗುರುತಿಸಿಕೊಳ್ಳುತ್ತಿದ್ದ. ಮುಖ ಅವನ ಪ್ರಾಣ. ಮುಖ ಮುಗಿದರೆ ಕೋಟು, ಕುರ್ಚಿ, ಹಿನ್ನೆಲೆ ಹಾಗೇ ಉಳಿಯುತ್ತಿದ್ದವು. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್‌ನ 1828ರ ಚಿತ್ರ ನೋಡು. ಆ ಮುಖದಲ್ಲಿ ಎಷ್ಟು ವಾತ್ಸಲ್ಯವಿದೆ! ಕತ್ತಿನ ಕೆಳಗೆ ಮಾತ್ರ ಹೆಚ್ಚುಕಡಿಮೆ ಬರೀ ಕ್ಯಾನ್ವಾಸು. ನನಗೆ ಅದು ಅವನ ಅತ್ಯುತ್ತಮ ಚಿತ್ರಗಳಲ್ಲೊಂದು. ಹಣ ಕೊಟ್ಟು ಕಾಯುತ್ತಿದ್ದವರಿಗೆ ಹಾಗನ್ನಿಸಿರಲಾರದು.

1830ರ ಜನವರಿಯಲ್ಲಿ ತೀರಿಕೊಂಡ. ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಸಮಾಧಿ. ಸ್ಟುಡಿಯೋ ತುಂಬ ಅರ್ಧಂಬರ್ಧ ಚಿತ್ರಗಳು. ತಾನು ಕೊಂಡಿಟ್ಟಿದ್ದ ರೇಖಾಚಿತ್ರಗಳನ್ನು ಕಡಿಮೆ ಬೆಲೆಗೆ ರಾಜನಿಗೆ ಕೊಡಿ ಎಂದು ಉಯಿಲು ಬರೆದಿದ್ದ, ರಾಜ ಕೊಳ್ಳಲಿಲ್ಲ. ಸಂಗ್ರಹವೆಲ್ಲ ಚದುರಿಹೋಗಿ, ಒಂದು ಪಾಲು ಮಾತ್ರ ಆಕ್ಸ್‌ಫರ್ಡ್ ಸೇರಿತು. ಇದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಪುಟ್ಟೀ, ನಿನಗೂ ಮುಖ ಬರೆಯುವುದರಲ್ಲೇ ಆಸೆ, ಅದು ನನಗೆ ಗೊತ್ತು. ಈಗ ಹೊಸಬರ ಅಡ್ವಾನ್ಸ್ ಮುಟ್ಟಬೇಡ. ಎಲ್ಲರಿಗಿಂತ ಮೊದಲು ದುಡ್ಡು ಕೊಟ್ಟವರ ಚಿತ್ರವನ್ನು ಸೀರೆಯಂಚಿನವರೆಗೂ ಮುಗಿಸಿ ಒಪ್ಪಿಸು, ಆಮೇಲೆ ಮುಂದಿನದು. ತಡವಾಗುವುದಾದರೆ ಅವರು ಕೇಳುವ ಮೊದಲೇ ಫೋನ್ ಮಾಡಿ ಹೇಳು. ಬಣ್ಣಕ್ಕೆ, ಬಾಡಿಗೆಗೆ ಕೈಗಡ ಬೇಕಿದ್ದರೆ ನನ್ನನ್ನು ಕೇಳು, ಸಂಕೋಚಪಡಬೇಡ.

ಇಂತಿ,
ನಿನ್ನ ಮಾವ